ಒಟ್ಟು ನಲವತ್ತೆಂಟು ನಿಮಿಷ

ಮಾರ್ಚ್ 3, ಮಂಗಳವಾರ

ಬೆಳಗಿನ ವಿಮಾನ ಹನ್ನೊಂದು ನಿಮಿಷ ತಡ. ಕಾರಣ, ಒಬ್ಬ ಮಹಾಶಯರು ಬೋರ್ಡಿಂಗ್ ಪಾಸನ್ನು ಶೌಚಾಲಯದಲ್ಲಿ ಮರೆತು, ಅದನ್ನು ತರಲು ಹೋಗಿ, ಕನ್ನಡಕವನ್ನೂ ಅಲ್ಲೇ ಬಿಟ್ಟು ಬಂದರು. ಆ ಹನ್ನೊಂದು ನಿಮಿಷವನ್ನು ಪುಸ್ತಕದಲ್ಲಿ ಬರೆಯುವಾಗ ನನ್ನ ಮೈ ಉರಿಯಿತು.

ಈ ವಿಮಾನ ನಿಲ್ದಾಣದ ವಿಚಾರಣೆ ಮೇಜಿನ ಹಿಂದೆ ಕೂತು ಇಪ್ಪತ್ತೆರಡು ವರ್ಷವಾಯಿತು. ದೊಡ್ಡ ನಿಲ್ದಾಣವೇನಲ್ಲ. ಒಂದು ರನ್‌ವೇ, ಒಂದು ಕೆಟ್ಟ ಕಾಫಿ ಯಂತ್ರ, ಬೆಟ್ಟಸಾಲಿನ ಆಚೆಯ ಊರಿಗೆ ದಿನಕ್ಕೆರಡು ಸಲ ಹೋಗಿಬರುವ, ರೆಕ್ಕೆಗೆ ಫ್ಯಾನಿರುವ ಒಂದು ಸಣ್ಣ ವಿಮಾನ. ರಸ್ತೆ ಹಿಡಿದರೆ ಒಂಬತ್ತು ಗಂಟೆ. ಆಕಾಶದಲ್ಲಿ ನೂರ ಅರವತ್ತೆಂಟು ಮೈಲು. ನಮ್ಮ ಮೈಲು ಸಮುದ್ರದ ಮೈಲು, ರಸ್ತೆಯದ್ದಲ್ಲ. ಕಿಲೋಮೀಟರಿನಲ್ಲಿ ಹೇಳುವುದಾದರೆ ಮುನ್ನೂರ ಹನ್ನೊಂದು. ಹಾರಾಟ ನಲವತ್ತೆಂಟು ನಿಮಿಷ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತೇನೆ. ಅದಕ್ಕೇ ಇಲ್ಲಿ ನನಗೆ ಗಡಿಯಾರದಕ್ಕ ಎಂದು ಹೆಸರು. ಬೆನ್ನ ಹಿಂದೆ ಇನ್ನೇನು ಅನ್ನುತ್ತಾರೋ, ಅದು ಅವರ ಬಾಯಿಗೆ ಬಿಟ್ಟದ್ದು.

ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ, ಬ್ಯಾಗು ಬರಲಿಲ್ಲವೆಂದು ನಾಲ್ಕು ಜನ ಮೇಜಿನ ಮೇಲೆ ಮುಗಿಬಿದ್ದಿದ್ದಾಗಲೇ ಫೋನು ಬರಬೇಕೆ? ಎಳೆಯ ದನಿ. "ಅಕ್ಕಾ, ಆಸ್ಪತ್ರೆಯಿಂದ ನರ್ಸ್ ಮಾತಾಡ್ತಿದೀನಿ. ನಾಳೆ ಬೆಳಿಗ್ಗೆ ಒಬ್ಬ ಪೇಷಂಟನ್ನ ಸ್ಟ್ರೆಚರಲ್ಲಿ ಕರ್ಕೊಂಡು ಹೋಗ್ತಿದೀನಿ. ಅಲ್ಲಿಗೆ ಮುಟ್ಟೋಕೆ ಒಟ್ಟು ಎಷ್ಟು ಹೊತ್ತು ಬೇಕು?"

ಒಟ್ಟು ಅಂತೆ! ತರಕಾರಿ ಅಂಗಡಿಯಲ್ಲಿ ಚೀಲ ಮುಂದೆ ಹಿಡಿದು ಕೇಳಿದ ಹಾಗೆ. "ನಲವತ್ತೆಂಟು ನಿಮಿಷ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ" ಎಂದು ಹೇಳಿ ಫೋನು ಇಟ್ಟೆ.

ಊಟದ ಹೊತ್ತಿಗೆ ಮನೆಯಲ್ಲಿ ಅವಳ ದನಿಯನ್ನೇ ಅಣಕಿಸಿ ತೋರಿಸಿದೆ. "ಒಟ್ಟೂ ಎಷ್ಟೊತ್ತಕ್ಕಾ?" ನಮ್ಮವರು ನಕ್ಕರು. ಅತ್ತೆಗೆ ಕಿವಿ ಮಂದ. "ಹಿಟ್ಟು ಯಾರಿಗೆ ಬೇಕಂತೆ?" ಎಂದು ಕೇಳಿದರು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅತ್ತೆ ಯಾಕೆ ನಕ್ಕರೋ ಅವರಿಗೇ ಗೊತ್ತಿಲ್ಲ.

ಮಾರ್ಚ್ 4, ಬುಧವಾರ

ಸ್ಟ್ರೆಚರಿನ ರೋಗಿ ತೀರಿಕೊಂಡ.

ಆಂಬುಲೆನ್ಸಿನಿಂದ ಇಳಿಸಿದ್ದು 7.55ಕ್ಕೆ. ರೋಗಿಯನ್ನು ಎಲ್ಲರಿಗಿಂತ ಮೊದಲು ಹತ್ತಿಸಬೇಕು, ಎಲ್ಲರೂ ಇಳಿದ ಮೇಲೆ ಇಳಿಸಬೇಕು. ವಿಮಾನ ನೆಲ ಬಿಟ್ಟದ್ದು 8.37ಕ್ಕೆ. ಎದುರುಗಾಳಿಯಿದ್ದುದರಿಂದ ಆಚೆ ನೆಲ ಮುಟ್ಟಿದ್ದು 9.28ಕ್ಕೆ, ಐವತ್ತೊಂದು ನಿಮಿಷ. ನರ್ಸು ತಂದಿದ್ದ ಆಮ್ಲಜನಕದ ಸಿಲಿಂಡರು ಎಂಬತ್ತು ನಿಮಿಷದ್ದಂತೆ. ನಲವತ್ತೆಂಟಕ್ಕೆ ಮೇಲೆ ಅರ್ಧ ಗಂಟೆ ಇರಲಿ ಎಂದು ಸೇರಿಸಿದ್ದಳಂತೆ. 7.55ರಿಂದ ಲೆಕ್ಕ ಹಾಕಿದೆ. 9.15ಕ್ಕೆ ಮುಗಿದಿದೆ, ಇನ್ನೂ ಹದಿಮೂರು ನಿಮಿಷ ಆಕಾಶದಲ್ಲಿರುವಾಗ. ವಿಮಾನದಲ್ಲಿದ್ದ ತುರ್ತು ಸಿಲಿಂಡರು ಹಾಕಲು ನೋಡಿದರಂತೆ, ಅದರ ಮೂತಿ ಇವನ ಗಂಟಲಿಗೆ ಹಾಕಿದ್ದ ಕೊಳವೆಗೆ ಕೂಡಲಿಲ್ಲವಂತೆ.

ನಲವತ್ತೊಂದು ವರ್ಷದವನು. ನಿನ್ನೆ ಫೋನು ಮಾಡಿದವಳೇ ಆ ನರ್ಸಿರಬೇಕು. ಇವತ್ತು ಊಟ ಸೇರಲಿಲ್ಲ.

ಮಾರ್ಚ್ 6, ಶುಕ್ರವಾರ

ಮ್ಯಾನೇಜರು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ನನಗೋಸ್ಕರ ಆ ಬಾಗಿಲು ಹಾಕಿದ್ದು ಇದೇ ಮೊದಲು. ಅವರು ನನಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ, ಹೆದರಿದಾಗ ಪೆನ್ನಿನ ಮುಚ್ಚಳ ಕಚ್ಚುತ್ತಾರೆ. ಇವತ್ತು ಮುಚ್ಚಳ ಚೂರಾಗಿತ್ತು.

"ನರ್ಸ್ ಬರೆದುಕೊಟ್ಟಿದ್ದಾಳೆ ಮೇಡಂ. ಏರ್‌ಪೋರ್ಟಿನವರೇ ನಲವತ್ತೆಂಟು ನಿಮಿಷ ಅಂದ್ರು ಅಂತ."

"ಅಂದೆ. ನಲವತ್ತೆಂಟೇ ಅಲ್ವಾ ಸಾರ್? ತಪ್ಪೇನಿದೆ?"

"ತಪ್ಪಿಲ್ಲ, ತಪ್ಪಿಲ್ಲ" ಎಂದು ಕೈ ಆಡಿಸಿದರು.

ನಮ್ಮಲ್ಲಿ ಎರಡು ಸಮಯಗಳಿವೆ. ಚಕ್ರದಿಂದ ಚಕ್ರಕ್ಕೆ ಒಂದು, ಬಾಗಿಲಿನಿಂದ ಬಾಗಿಲಿಗೆ ಇನ್ನೊಂದು. ಚಕ್ರ ನೆಲ ಬಿಟ್ಟಾಗಿನಿಂದ ಮುಟ್ಟುವವರೆಗೆ ನಲವತ್ತೆಂಟು, ಅದು ಹಾರಾಟದ ಸಮಯ. ಬಾಗಿಲು ಹಾಕಿದಾಗಿನಿಂದ ತೆಗೆಯುವವರೆಗೆ ಎಪ್ಪತ್ತು. ನಾವು ನಾವೇ ಮಾತಾಡುವಾಗ ಬರೀ 'ಸಮಯ' ಎಂದರೆ ಚಕ್ರದ್ದೇ. ಹೊರಗಿನವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಅವರ ಟಿಕೆಟ್ಟಿನಲ್ಲಿ ಬಾಗಿಲಿನ ಸಮಯ ಅಚ್ಚಾಗಿರುತ್ತದೆ. ಸ್ಟ್ರೆಚರಿಗೆ ಟಿಕೆಟ್ಟಿಲ್ಲ, ಬರೀ ಒಂದು ಫಾರಂ.

"ಹಾರಾಟದ ಸಮಯ ಕೇಳಿದ್ರೆ ನಾವು ಹಾರಾಟದ ಸಮಯ ಹೇಳ್ತೀವಿ. ಅವಳು ಕೇಳಿದ್ದು ಅದೇ ತಾನೇ?"

"ಅದೇ ಇರಬೇಕು ಸಾರ್. ಮೇಜಿನ ಹತ್ರ ಗಲಾಟೆಯಿತ್ತು."

"ಇರಬೇಕು ಅನ್ನೋದು ಬೇಡ ಮೇಡಂ. ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ವಿಚಾರಣೆಗೆ ಅಧಿಕಾರಿ ಬರ್ತಾರೆ. ನಮ್ಮ ಫೋನಲ್ಲಿ ಮಾತು ರೆಕಾರ್ಡ್ ಆಗಲ್ಲ, ಗೊತ್ತಲ್ಲ."

ಮೇಜಿಗೆ ಬಂದು ನೋಡಿದರೆ ಫೋನಿನ ಪಕ್ಕದ ಗೋಡೆಗೆ ಆ ಚೀಟಿ ಅಂಟಿಕೊಂಡೇ ಇದೆ. 'ಸ್ಟ್ರೆಚರ್ ರೋಗಿಗಳಿಗೆ: ಆಂಬುಲೆನ್ಸಿನಿಂದ ಆಂಬುಲೆನ್ಸಿಗೆ ಎರಡು ಗಂಟೆ ಎಂದು ತಿಳಿಸುವುದು.' ಟೇಪು ಹಳದಿಯಾಗಿ ಒಂದು ಮೂಲೆ ಎದ್ದಿದೆ. ನನ್ನ ಕಾಲದಲ್ಲಿ ಸ್ಟ್ರೆಚರು ಬಂದದ್ದು ಏಳು ಸಲ. ದಿನಾ ಕಣ್ಣಿಗೆ ಬೀಳುವುದನ್ನು ಯಾರು ಓದುತ್ತಾರೆ?

ಮಾರ್ಚ್ 10, ಮಂಗಳವಾರ

ನಾಲ್ಕು ದಿನದಿಂದ ಅದೇ ದನಿ ಕಿವಿಯಲ್ಲಿ ಕೊರೆಯುತ್ತಿದೆ. ಹಲ್ಲುಜ್ಜುವಾಗ, ಪಾತ್ರೆ ತೊಳೆಯುವಾಗ, ಅತ್ತೆಗೆ ಮಾತ್ರೆ ಕೊಡುವಾಗ. "ಮಾತ್ರೆ ತಗೊಳ್ಳಿ" ಎಂದರೆ ಅತ್ತೆ "ಯಾತ್ರೆಗೆ ಯಾರು ಹೊರಟ್ರು?" ಎನ್ನುತ್ತಾರೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಇವತ್ತು ಗದರಿಬಿಟ್ಟೆ.

ಆ ಹುಡುಗಿ 'ಹೋಗೋಕೆ' ಎಂದಳೋ, 'ಹಾರೋಕೆ' ಎಂದಳೋ? 'ಎಷ್ಟು ಹೊತ್ತು' ಎಂದದ್ದಂತೂ ನಿಜ. ಬೇಕಿದ್ದರೆ ಬಾಯಲ್ಲಿ ಹೇಳಿ ನೋಡಿ. ಹೋಗೋಕೆ, ಹಾರೋಕೆ. ಎರಡಕ್ಕೂ ಕೂದಲೆಳೆಯ ವ್ಯತ್ಯಾಸ. ಪಕ್ಕದಲ್ಲಿ ನಾಲ್ಕು ಜನ ಬ್ಯಾಗು ಬ್ಯಾಗು ಎಂದು ಬಡಕೊಳ್ಳುತ್ತಿದ್ದರೆ ಯಾವ ಕಿವಿಗೆ ತಿಳಿದೀತು? ಆದರೆ ಒಂದು ಮಾತು. ಹೋಗೋಕೆ ಎಂದು ಕೇಳಿದ್ದರೆ ನಾನು ಎಪ್ಪತ್ತು ಎನ್ನುತ್ತಿದ್ದೆ. ನಲವತ್ತೆಂಟು ಎಂದೆ. ಹಾಗಾಗಿ ಹಾರೋಕೆ ಎಂದೇ ಕೇಳಿರಬೇಕು. ಈ ತರ್ಕ ಮೊದಲೇ ಯಾಕೆ ಹೊಳೆಯಲಿಲ್ಲವೋ. ಇವತ್ತು ಸ್ವಲ್ಪ ಹಗುರವಾಗಿದೆ.

ಈಗ ಫೋನಿನಲ್ಲಿ ಯಾರು ಏನು ಕೇಳಿದರೂ ಎರಡೂ ಸಮಯ ಹೇಳುತ್ತೇನೆ, ಚೀಟಿಯನ್ನೂ ಹೊಸದಾಗಿ ಬರೆದು ಅಂಟಿಸಿದೆ. ಯಾವ ಕಾರಣಕ್ಕೂ ಅಲ್ಲ, ಹಳೆಯದು ಕಿತ್ತುಬಂದಿತ್ತು.

ಮಾರ್ಚ್ 13, ಶುಕ್ರವಾರ

ಸತ್ತವನ ಹೆಂಡತಿ ಬಂದಿದ್ದಳು. ಗಂಡನ ಜೊತೆ ಹೋದ ಚೀಲ ಆಚೆಯಿಂದ ವಾಪಸು ಬಂದಿದೆ, ಸಹಿ ಹಾಕಿ ತೆಗೆದುಕೊಳ್ಳಬೇಕು. ವಿಮಾನದಲ್ಲಿ ನರ್ಸಿಗೆ ಮಾತ್ರ ಜಾಗವಿದ್ದುದರಿಂದ ಅವಳು ಆ ದಿನ ಬಸ್ಸಿನಲ್ಲಿ ಹೊರಟಿದ್ದಳಂತೆ. ಅರ್ಧ ದಾರಿಯಲ್ಲಿ ಸುದ್ದಿ ಬಂದರೂ ಬಸ್ಸು ಅದರ ಪಾಡಿಗೆ ಹೋಗುತ್ತಲೇ ಇತ್ತಂತೆ, ಅವಳು ಕೂತೇ ಇದ್ದಳಂತೆ, ಇನ್ನೂ ಐದು ಗಂಟೆ.

ಗಂಡನದು ಗಾಜು ಕತ್ತರಿಸುವ ಕೆಲಸ. ಶ್ವಾಸಕೋಶದಲ್ಲಿ ಆ ಪುಡಿಯೇ ತುಂಬಿತ್ತಂತೆ. ಚೀಲ ತೆರೆದು ನೋಡಿದಳು. ಒಂದು ಅಂಗಿ, ಒಂದು ಬಾಚಣಿಗೆ, ಹೊಸ ಚಪ್ಪಲಿ. ಆಸ್ಪತ್ರೆಯಿಂದ ನಡೆದುಕೊಂಡು ಹೊರಗೆ ಬರುವಾಗ ಇರಲಿ ಎಂದು ಅವಳೇ ಕೊಂಡಿದ್ದಂತೆ.

ಹೊರಡುವ ಮುಂಚೆ ಮೇಜಿಗೆ ಕೈಯೂರಿ ಕೇಳಿದಳು. "ಅಕ್ಕಾ, ಅವರು ಎಷ್ಟು ಹೊತ್ತು ಮೇಲಿದ್ರು?"

"ಐವತ್ತೊಂದು ನಿಮಿಷ."

"ಯಾವತ್ತೂ ವಿಮಾನ ಹತ್ತಿದವರಲ್ಲ. ಕಿಟಕಿ ಕಾಣ್ತಿತ್ತಾ ಅವರಿಗೆ?"

ಸ್ಟ್ರೆಚರನ್ನು ಹಿಂದಿನ ಸೀಟುಗಳನ್ನು ಮಡಚಿ ಅವುಗಳ ಮೇಲೆ ಕಟ್ಟುತ್ತೇವೆ. ಮಲಗಿದವರಿಗೆ ಕಾಣುವುದು ಬ್ಯಾಗಿಡುವ ಗೂಡಿನ ತಳ ಮಾತ್ರ. "ಕಾಣ್ತಿತ್ತಮ್ಮ" ಎಂದೆ. ಅವಳ ಮುಖ ಅಷ್ಟರಮಟ್ಟಿಗೆ ಸಡಿಲವಾಯಿತು. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ, ಆದರೆ ಇದು ಸುಳ್ಳೆಂದು ಅನಿಸಲಿಲ್ಲ. ಹೇಳಿದ ಮೇಲೆ ನನಗೇ ಅವನು ಕಿಟಕಿಯಿಂದ ಬೆಟ್ಟ ನೋಡುತ್ತಿದ್ದ ಹಾಗೆ ಕಂಡಿತು.

ನರ್ಸಿನ ಮೇಲೆ ಅವಳಿಗೆ ಕೆಂಡದಂಥ ಕೋಪ. "ಒಂದು ಸಿಲಿಂಡರ್ ಜಾಸ್ತಿ ತರೋಕೆ ಅವಳಿಗೇನು ರೋಗ ಬಂದಿತ್ತು?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಮಾರ್ಚ್ 16, ಸೋಮವಾರ

ನಮ್ಮವರ ಜೊತೆ ಜಗಳ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಈ ಮನುಷ್ಯ ನನ್ನ ಮೇಲೆ ದನಿಯೆತ್ತಿದ್ದು ಬೆರಳೆಣಿಕೆಯಷ್ಟು ಸಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ 'ಇದು ಚೆನ್ನಾಗಿ ಕಾಣ್ತಾ, ಅದು ಕಾಣ್ತಾ' ಎಂದು ಕೇಳಿ ಕೇಳಿ ಅವರ ಮಾತೆಲ್ಲ ಮೆದುವಾಗಿಬಿಟ್ಟಿದೆ. ಇವತ್ತೂ ದನಿಯೆತ್ತಲಿಲ್ಲ. ಎತ್ತಿದವಳು ನಾನು.

ವಿಚಾರಣೆಗೆ ಹೇಳಿಕೆ ಬರೆದುಕೊಡಬೇಕು. ಬರೆದಿದ್ದನ್ನು ಓದಿ ಹೇಳಿದೆ. 'ಸದರಿ ನರ್ಸ್ ಹಾರಾಟದ ಸಮಯ ಎಷ್ಟು ಎಂದು ಕೇಳಿದ್ದು, ನಾನು ನಲವತ್ತೆಂಟು ನಿಮಿಷ ಎಂದು ತಿಳಿಸಿರುತ್ತೇನೆ.' ಅವರು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತರು.

"ಏನೇ, ಅವಳು 'ಒಟ್ಟು' ಅಂದ್ಳು ಅಂತ ಹೇಳಿದ್ಯಲ್ಲ ಅವತ್ತು."

"ಯಾರು? ನಾನಾ?"

"ಅವಳ ಥರ ಮಾತಾಡಿ ತೋರಿಸ್ದೆ. ನಕ್ವಲ್ಲ. ಅಮ್ಮ ಹಿಟ್ಟು ಅಂದ್ರು."

"ಅತ್ತೆಗೆ ಯಾವತ್ತು ಏನು ಸರಿಯಾಗಿ ಕೇಳಿಸಿದೆ ರೀ? ಅವರು ಹಿಟ್ಟು ಅಂದಿದ್ದಕ್ಕೆ ನಾನು ಒಟ್ಟು ಅಂದೆ ಅಂತ ಆಗತ್ತಾ?"

"ನನಗೆ ಕೇಳಿಸ್ತಲ್ಲ."

ನನಗೆ ಉರಿದುಹೋಯಿತು. ಫೋನಿನಲ್ಲಿ ಇದ್ದವಳು ನಾನು, ಈ ಮನುಷ್ಯ ಅಲ್ಲಿ ಯಾರಿಗೋ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದರು. ಅಷ್ಟು ಹೇಳಿದೆ. ಅದಕ್ಕವರು ಬಹಳ ಮೆಲ್ಲಗೆ, "ದಿನಾ ಬರೀತೀಯಲ್ಲ. ಆ ದಿನದ್ದು ತೆಗೆದು ನೋಡು" ಎಂದರು.

ನಾನು ಹಳೆಯ ಪುಟ ತಿರುಗಿಸುವವಳಲ್ಲ. ಬರೆಯುವುದು ಎದೆಯ ಭಾರ ಇಳಿಯಲಿ ಎಂದು, ಪರೀಕ್ಷೆಗೆ ಓದಲಿಕ್ಕಲ್ಲ. ಮೇಲಾಗಿ ನನ್ನ ನೆನಪಿಗೆ ಪುಸ್ತಕದ ಸಾಕ್ಷಿ ಬೇಕಾಗಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ವಿಮಾನದ ಒಂದು ನಿಮಿಷ ತಪ್ಪು ಬರೆದವಳಲ್ಲ ನಾನು. ಗಂಡನಾದವನಿಗೆ ಇಷ್ಟು ನಂಬಿಕೆ ಬೇಡವೇ? ಬಹಳ ಬೇಜಾರಾಗಿದೆ.

ಮಾರ್ಚ್ 19, ಗುರುವಾರ

ನಮ್ಮವರಿಗೆ ಹೊಟ್ಟೆ ಸರಿಯಿಲ್ಲವೆಂದು ಕಾಣುತ್ತದೆ. ಮೂರು ದಿನದಿಂದ ಜೊತೆಗೆ ಊಟಕ್ಕೆ ಕೂರುತ್ತಿಲ್ಲ. ಹೇಳಿಕೆ ಕೊಟ್ಟು ಬಂದೆ.

ಮಾರ್ಚ್ 24, ಮಂಗಳವಾರ

ಮೊದಲ ವಿಚಾರಣೆ. ನಿಲ್ದಾಣದ ಮೇಲಿನ ಮಹಡಿಯ ಉದ್ದ ಕೋಣೆ, ಮುರಿದ ಕುರ್ಚಿ ಪೇರಿಸಿಡುವ ಜಾಗ. ಕುರ್ಚಿಗಳನ್ನು ಒಂದು ಮೂಲೆಗೆ ತಳ್ಳಿ ಮೇಲೆ ಬಟ್ಟೆ ಹೊದಿಸಿದ್ದರು. ವಿಚಾರಣಾಧಿಕಾರಿ ಹೆಂಗಸು, ನನ್ನದೇ ವಯಸ್ಸು. ಮಾತು ಕಡಿಮೆ, ಬರೆಯುವುದು ಹೆಚ್ಚು. ಮ್ಯಾನೇಜರು ಕಂಪನಿಯ ಪರವಾಗಿ ಕೂತಿದ್ದರು. ಆಸ್ಪತ್ರೆಯ ಕಡೆಯಿಂದ ಯಾರೋ ಟೈ ಕಟ್ಟಿದವರು ಬಂದಿದ್ದರು, ಅವರು ನರ್ಸಿನಿಂದ ಎರಡು ಕುರ್ಚಿ ಬಿಟ್ಟು ಕೂತರು.

ಅವಳನ್ನು ಮೊದಲ ಸಲ ನೋಡಿದೆ. ಇಪ್ಪತ್ತನಾಲ್ಕಿರಬಹುದು. ಬಡಕಲು, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿದೆ. ದನಿ ಮಾತ್ರ ಅದೇ.

"ಮೇಡಂ, ನಾನು 'ಒಟ್ಟು' ಅಂತಾನೇ ಕೇಳ್ದೆ. ನಮ್ಮ ಫಾರಂನಲ್ಲಿ 'ಪ್ರಯಾಣದ ಒಟ್ಟು ಅವಧಿ' ಅಂತ ಒಂದು ಕಾಲಂ ಇದೆ. ಅದನ್ನ ಎದುರಿಗಿಟ್ಕೊಂಡೇ ಫೋನ್ ಮಾಡಿದ್ದು. ಅದಕ್ಕೇ ನೆನಪಿದೆ."

ಅಧಿಕಾರಿ ಫಾರಂ ತರಿಸಿ ನೋಡಿದರು. ಕಾಲಂ ಇತ್ತು, ಅದರಲ್ಲಿ 48 ಎಂದೂ ಇತ್ತು. "ಇದರಿಂದ ನೀವು ಏನು ಬರೆದ್ರಿ ಅಂತ ಗೊತ್ತಾಗತ್ತೆ. ಏನು ಕೇಳಿದ್ರಿ ಅಂತ ಗೊತ್ತಾಗಲ್ಲ" ಎಂದರು. ನ್ಯಾಯವಾದ ಮಾತು.

ನನ್ನ ಸರದಿ. ಎದ್ದು ನಿಂತು ಹೇಳಿದೆ. "ಹಾರಾಟದ ಸಮಯ ಎಷ್ಟು ಅಂತ ಕೇಳಿದ್ರು. ಹೇಳ್ದೆ."

"ರೋಗಿ, ಸ್ಟ್ರೆಚರ್, ಅಂತೇನಾದ್ರೂ ಅಂದ್ರಾ?"

"ಆಸ್ಪತ್ರೆ ಅಂದ ಹಾಗೂ ನೆನಪಿಲ್ಲ ಮೇಡಂ. ದಿನಕ್ಕೆ ಐವತ್ತು ಫೋನ್ ಬರತ್ತೆ."

"ಈ ಘಟನೆ ಆದ್ಮೇಲೆ ನೀವು ಫೋನಲ್ಲಿ ಉತ್ತರ ಕೊಡೋ ರೀತಿ ಏನಾದ್ರೂ ಬದಲಾಯಿಸಿದೀರಾ?"

"ಇಲ್ಲ. ಬದಲಾಯಿಸೋ ಅಗತ್ಯ ಬಂದಿಲ್ಲ."

ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಲ್ಲ. ಬಸ್ಸು ತಪ್ಪಿಸಿಕೊಂಡವರು ಬಸ್ಸಿನ ಹಿಂಭಾಗ ನೋಡುತ್ತಾರಲ್ಲ, ಹಾಗೆ. ಮ್ಯಾನೇಜರು ಮೆಟ್ಟಿಲಿಳಿಯುವಾಗ, "ಗಡಿಯಾರದಕ್ಕ ಅಂತ ಸುಮ್ನೆ ಕರೆಯಲ್ಲ" ಎಂದು ಮೆಚ್ಚಿಕೊಂಡರು. ಅವರು ಆ ಹೆಸರನ್ನು ನನ್ನೆದುರಿಗೆ ಹೇಳಿದ್ದು ಇದೇ ಮೊದಲು.

ಮಾರ್ಚ್ 30, ಸೋಮವಾರ

ಈಗ ಎಲ್ಲವೂ ನಿಚ್ಚಳವಾಗಿ ನೆನಪಾಗುತ್ತಿದೆ. ಗಾಬರಿಯಲ್ಲಿದ್ದಾಗ ಮನಸ್ಸು ಮಂಕಾಗಿತ್ತು, ಅಷ್ಟೇ. ಆ ಮಧ್ಯಾಹ್ನ ಮೇಜಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಕಾಫಿ ಲೋಟ ಎಡಗೈಯಲ್ಲಿತ್ತು. ಲೈನು ಸ್ವಚ್ಛವಾಗಿತ್ತು. "ಹಾರಾಟದ ಸಮಯ ಎಷ್ಟಕ್ಕಾ?" ಎಂದಳು. ನಾನು, ಖಾತ್ರಿ ಮಾಡಿಕೊಳ್ಳದೆ ಉತ್ತರ ಕೊಡುವವಳಲ್ಲವಲ್ಲ, "ಹಾರಾಟದ್ದು ಮಾತ್ರ ಸಾಕೇನಮ್ಮಾ?" ಎಂದು ತಿರುಗಿ ಕೇಳಿದೆ. "ಹೌದಕ್ಕ, ಹಾರಾಟದ್ದೇ" ಎಂದಳು. ಅವಳು ಹೌದಕ್ಕ ಎಂದ ರಾಗ ಕೂಡ ಕಿವಿಯಲ್ಲಿದೆ.

ಇದನ್ನು ಮೊದಲ ವಿಚಾರಣೆಯಲ್ಲೇ ಹೇಳಬೇಕಿತ್ತು. ಮುಂದಿನ ಸಲ ಹೇಳುತ್ತೇನೆ.

ಏಪ್ರಿಲ್ 2, ಗುರುವಾರ

ಅಂಗಡಿಯಲ್ಲಿ ಕೆಲಸ ಹೆಚ್ಚಂತೆ. ನಮ್ಮವರು ಅಂಗಡಿಯ ಮೇಲಿನ ಕೋಣೆಗೆ ಹಾಸಿಗೆ ಒಯ್ದಿದ್ದಾರೆ. ಸ್ವಲ್ಪ ದಿನವಂತೆ. ಹಾಸಿಗೆ ಸುತ್ತುತ್ತ, ನನ್ನ ಮುಖ ನೋಡದೆ, "ನಾನು ಹೋಗಿ ಆ ಅಧಿಕಾರಿಗೆ ಹೇಳಲಾ?" ಎಂದು ಕೇಳಿದರು.

"ಏನಂತ ಹೇಳ್ತೀರಾ? ನನ್ನ ಹೆಂಡ್ತಿ ಸುಳ್ಳಿ ಅಂತಲಾ?"

"ಸುಳ್ಳಿ ಆಗಿದ್ರೆ ಸುಲಭ ಇತ್ತು ಕಣೇ" ಎಂದರು.

ಅದೇನು ಮಾತೋ, ಅದರ ತಲೆಬುಡ ತಿಳಿಯಲಿಲ್ಲ. ಹೋಗಿ ಹೇಳುವವರಲ್ಲ, ನನಗೆ ಗೊತ್ತು. ಅಂಗಡಿಯಲ್ಲಿ ಗಿರಾಕಿ ಬೈದರೂ ಉತ್ತರ ಕೊಡದ ಜೀವ. ಅತ್ತೆ ಬಾಗಿಲವರೆಗೆ ಕೋಲೂರಿಕೊಂಡು ಬಂದು, "ಎಲ್ಲಿಗೋ ಇವನು? ಊರಿಗಾ?" ಎಂದು ಕೇಳುತ್ತಲೇ ಇದ್ದರು.

ಮನೆ ದೊಡ್ಡದಾದ ಹಾಗಿದೆ. ಅತ್ತೆಯ ಕೋಣೆಯ ಪಂಖ ಸದ್ದು ಮಾಡುತ್ತದೆಂದು ಇವತ್ತೇ ಗಮನಿಸಿದೆ.

ಏಪ್ರಿಲ್ 8, ಬುಧವಾರ

ಕೆಲಸ ಮುಗಿಸಿ ಹೊರಬಂದರೆ ಗೇಟಿನ ಬಳಿ ಆ ಹುಡುಗಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಬಿಸಿಲಿಗೆ ಮುಖ ಕಂದಿಹೋಗಿತ್ತು. ನಾನು ತಲೆ ತಗ್ಗಿಸಿಕೊಂಡು ಹೋಗಬಹುದಿತ್ತು. ಹಾಗೆ ಮಾಡುವವಳು ನಾನಲ್ಲ, ನನಗೇನು ಮುಚ್ಚಿಡುವುದಿದೆ? ಅವಳನ್ನು ಎದುರಿನ ಬೆಂಚಿಗೆ ಕರೆದುಕೊಂಡು ಹೋಗಿ, ನನ್ನ ಬಾಟಲಿಯ ನೀರು ಕೊಟ್ಟೆ. ಗಟಗಟ ಕುಡಿದಳು.

"ಅಕ್ಕಾ, ನಿಮ್ಮನ್ನ ಬಯ್ಯೋಕೆ ಬಂದಿಲ್ಲ. ಒಂದೇ ಒಂದು ಸಲ ನೆನಪು ಮಾಡ್ಕೊಳ್ಳಿ. ನನ್ನ ಲೈಸೆನ್ಸ್ ತೆಗೆದುಬಿಡ್ತಾರಂತೆ. ಆಸ್ಪತ್ರೆಯವ್ರು ಈಗ್ಲೇ ಬರಬೇಡ ಅಂದಿದಾರೆ. ಅದೂ ಹೋಗ್ಲಿ ಅಕ್ಕ. ಕೊನೇ ಹದಿಮೂರು ನಿಮಿಷ ಅವರು ನನ್ನ ಕೈ ಹಿಡ್ಕೊಂಡೇ ಇದ್ರು. ಸಿಲಿಂಡರಿನ ಮುಳ್ಳು ನೋಡ್ತಾ ಇದ್ರು, ನನ್ನ ಮುಖ ನೋಡ್ತಾ ಇದ್ರು. ಅವರಿಗೆ ಗೊತ್ತಾಗಿತ್ತು. ನಾನು 'ಒಟ್ಟು' ಅಂತ ಕೇಳಿದ್ದು ನಿಜ ಆದ್ರೆ ಹೇಗೋ ಬದುಕ್ತೀನಿ. ಕೇಳಿಲ್ಲ ಅಂದ್ರೆ ನಾನೇ ಕೊಂದ ಹಾಗಲ್ವಾ?"

ಅವಳನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಮಗಳಿಗೆ ಹೇಳುವ ಹಾಗೆ, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಎರಡೂ ಇಪ್ಪತ್ತರ ಹೊತ್ತು, ಎಡಗೈಯಲ್ಲಿದ್ದ ಕಾಫಿ ಲೋಟ, ಅವಳು ಕೇಳಿದ್ದು, ನಾನು ತಿರುಗಿ ಕೇಳಿದ್ದು, ಅವಳು "ಹೌದಕ್ಕ, ಹಾರಾಟದ್ದೇ" ಎಂದಿದ್ದು. ಅವಳ ದನಿಯಲ್ಲೇ ಹೇಳಿ ತೋರಿಸಿದೆ.

ಕೇಳುತ್ತ ಕೇಳುತ್ತ ಅವಳ ಹುಬ್ಬು ಗಂಟಾಯಿತು. "ನಿಜವಾಗ್ಲೂ ನಾನು ಹಾಗಂದ್ನಾ ಅಕ್ಕ?"

"ಅಂದೆಯಮ್ಮ. ಸುಸ್ತಾಗಿತ್ತೇನೋ ನಿನಗೆ."

"ಹಿಂದಿನ ಎರಡು ದಿನ ಮನೆಗೆ ಹೋಗಿರ್ಲಿಲ್ಲ. ಡ್ಯೂಟಿ ಮೇಲೆ ಡ್ಯೂಟಿ." ಕಚ್ಚಿದ ಬೆರಳುಗಳನ್ನು ನೋಡಿಕೊಂಡಳು. "ಕಾಲಂನಲ್ಲಿ ಒಟ್ಟು ಅಂತ ಇದ್ದಿದ್ದಕ್ಕೆ, ಬಾಯಲ್ಲೂ ಒಟ್ಟು ಅಂದೆ ಅನ್ಕೊಂಡ್ನೇನೋ."

"ಹಾಗಾಗತ್ತೆ. ಮನಸ್ಸು ಎಂಥ ಆಟ ಆಡ್ಸತ್ತೆ ಗೊತ್ತಾ?"

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ವಾಪಸು ಕೊಟ್ಟು, ಬಸ್ ನಿಲ್ದಾಣ ಬಿಟ್ಟು ಇನ್ನೊಂದು ದಿಕ್ಕಿಗೆ ನಡೆದುಹೋದಳು. ಕೂಗಿ ಹೇಳಬೇಕೆನ್ನುವಷ್ಟರಲ್ಲಿ ನನ್ನ ಬಸ್ಸು ಬಂತು.

ಏಪ್ರಿಲ್ 13, ಸೋಮವಾರ

ಬಹಳ ದಿನದ ನಂತರ ಬೆಳಗಿನ ವಿಮಾನ ಒಂದು ನಿಮಿಷವೂ ತಡವಿಲ್ಲ. ನಲವತ್ತೆಂಟಕ್ಕೆ ನಲವತ್ತೆಂಟು. ಚೆನ್ನಾಗಿ ನಿದ್ದೆ ಬರುತ್ತಿದೆ.

ಅತ್ತೆಗೆ ಮಗನನ್ನು ಕಾಣದೆ ಹಟ ಹೆಚ್ಚಾಗಿದೆ. ಊಟದ ಹೊತ್ತಿಗೆ ಮಗನ ತಟ್ಟೆಯನ್ನೂ ಹಾಕಿಸಿ ಕಾಯುತ್ತಾರೆ. ನಾನು ಸುಮ್ಮನೆ ಎತ್ತಿಡುತ್ತೇನೆ.

ಏಪ್ರಿಲ್ 21, ಮಂಗಳವಾರ

ಕೊನೆಯ ವಿಚಾರಣೆ ಮುಗಿಯಿತು.

ತಿರುಗಿ ಕೇಳಿದ ವಿಷಯವನ್ನು ಹೇಳಿದೆ. ಅಧಿಕಾರಿ ಪೆನ್ನು ನಿಲ್ಲಿಸಿ, "ಹಿಂದಿನ ಸಲ ಇದನ್ನ ಹೇಳಿರ್ಲಿಲ್ಲ" ಎಂದರು. "ಹಿಂದಿನ ಸಲ ನೀವು ಕೇಳಿರ್ಲಿಲ್ಲ ಮೇಡಂ" ಎಂದೆ. ಮ್ಯಾನೇಜರು ನಗು ನುಂಗಿಕೊಂಡರು. ಅಧಿಕಾರಿ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ನೀವು ಹೇಳಿ. 'ಒಟ್ಟು' ಅಂತ ಕೇಳಿದ್ದು ಖಂಡಿತನಾ?" ಎಂದರು. ಆ ಪ್ರಶ್ನೆಯನ್ನು ಅವರು ಎರಡು ಸಲ ಕೇಳಿದರು, ಎರಡನೆಯ ಸಲ ಬಹಳ ಮೆತ್ತಗೆ, ಹೌದೆನ್ನು ಎಂದು ಕೇಳಿಕೊಳ್ಳುವ ಹಾಗೆ.

ಹುಡುಗಿ ಎದ್ದು ನಿಂತಳು. ಇನ್ನೂ ಬಡವಾಗಿದ್ದಳು.

"ಮೊದಲು ಖಂಡಿತ ಇತ್ತು ಮೇಡಂ. ಈಗ ಇಲ್ಲ. ಅಕ್ಕ ಹೇಳಿದ್ಮೇಲೆ, ನನಗೂ ಹಾಗೇ ಕೇಳಿಸ್ತಿದೆ. 'ಹೌದಕ್ಕ, ಹಾರಾಟದ್ದೇ' ಅಂದ ಹಾಗೆ. ನನ್ನ ದನಿಯಲ್ಲೇ ಕೇಳಿಸ್ತಿದೆ. ನಾನೇ ತಪ್ಪು ಕೇಳಿದ್ದು. ಬರ್ಕೊಳ್ಳಿ."

ಟೈ ಕಟ್ಟಿದವರು ಕಾಗದ ಜೋಡಿಸಿಕೊಂಡರು. ಹಿಂದಿನ ಸಾಲಿನಲ್ಲಿ ಸತ್ತವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಅಧಿಕಾರಿ ಬರೆದುಕೊಂಡರು, ಬಹಳ ನಿಧಾನವಾಗಿ. ನಿಲ್ದಾಣದವರ ಕಡೆಯಿಂದ ಲೋಪ ಕಂಡುಬಂದಿಲ್ಲ. ನರ್ಸಿನ ಲೈಸೆನ್ಸು ರದ್ದಿಗೆ ಶಿಫಾರಸು. ಮುಂದೆ ಪೊಲೀಸರಿಗೂ ಕಡತ ಹೋಗುತ್ತದಂತೆ.

ಕೊನೆಗೂ ಸತ್ಯ ಅವಳ ಬಾಯಿಂದಲೇ ಬಂತಲ್ಲ ಎಂದು ನೆಮ್ಮದಿಯಾಯಿತು. ಇದನ್ನು ನಮ್ಮವರಿಗೆ ಹೇಳಬೇಕು, ಅವರೇ ಕೇಳಬೇಕಿತ್ತು. ಫೋನು ಮಾಡಿದೆ, ಎತ್ತಲಿಲ್ಲ.

ಕೆಳಗಿಳಿದು ಬಂದರೆ ಮೆಟ್ಟಿಲ ಬುಡದಲ್ಲಿ ಹುಡುಗಿ ನನಗಾಗಿ ನಿಂತಿದ್ದಳು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು, ತಣ್ಣಗಿದ್ದವು. "ಅಕ್ಕಾ, ಸುಮ್ಮನೆ ನಿಮ್ಮ ಮೇಲೆ ಹೇಳ್ಬಿಟ್ಟೆ. ಈ ವಯಸ್ಸಲ್ಲಿ ನಿಮ್ಮನ್ನ ಇಲ್ಲೀವರೆಗೂ ಎಳೆದ ಹಾಗಾಯ್ತು. ನನ್ನನ್ನ ಕ್ಷಮಿಸ್ಬಿಡಿ" ಎಂದು ಅತ್ತಳು. ಪಾಪ, ಕೆಟ್ಟ ಹುಡುಗಿಯಲ್ಲ. ಬೆನ್ನು ಸವರಿ, "ಬಿಡಮ್ಮ, ನಾನು ಆಗಲೇ ಮರೆತುಬಿಟ್ಟೆ" ಎಂದೆ.